ಟ್ಯೂಬಿಂಗೆನ್ ನಗರದ ಕನ್ನಡ ಪಂಡಿತ

ದಕ್ಷಿಣ ಜರ್ಮನಿಯ ನೆಕ್ಕರ್ ನದಿಯ ದಂಡೆಯಲ್ಲಿ ಟ್ಯೂಬಿಂಗೆನ್ ಎಂಬ ಪುಟ್ಟ ನಗರವಿದೆ. ಅಲ್ಲಿ ಗುಡ್ಡದ ಮೇಲೊಂದು ಕೋಟೆಯಿದೆ. ಕೋಟೆಯಿಂದಲೇ ಊರಿಗೆ ಹಿರಿಮೆ ಬರುವುದಾದರೆ ನಮ್ಮ ದೇವನಹಳ್ಳಿಯೂ ಅದಕ್ಕೆ ಸಾಟಿಯೇ! ಆದರೆ 1477ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೇ ಆ ಊರಿನ ಜೀವಾಳ. ಗ್ರಹಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರ್, ತತ್ತ್ವಜ್ಞಾನಿ ಹೆಗೆಲ್ ಓದಿದ್ದು ಅಲ್ಲಿಯೇ. ಬುದ್ಧಿಭ್ರಮಣೆಗೆ ಒಳಗಾದ ಕವಿ ಹೋಲ್ಡರ್‌ಲಿನ್ 1807ರಿಂದ 1843ರಲ್ಲಿ ತೀರಿಕೊಳ್ಳುವವರೆಗೂ ನದಿಯ ದಡದ ಗೋಪುರದ ಕೋಣೆಯಲ್ಲಿ, ಒಬ್ಬ ಬಡಗಿಯ ಮನೆಯವರ ಆಶ್ರಯದಲ್ಲಿದ್ದನು. ವಿದ್ವಾಂಸರ ಕೀರ್ತಿಗಿಂತ ಆ ಬಡಗಿಯ ಔದಾರ್ಯವೇ ಊರಿನ ಸ್ವಭಾವವನ್ನು ಹೆಚ್ಚಾಗಿ ತಿಳಿಸುತ್ತದೆಂದು ನನಗೆ ತೋರುತ್ತದೆ.

ಕನ್ನಡಿಗರಿಗೆ ಈ ಊರು ಹೊರಗಿನದಲ್ಲ. 1843ರಲ್ಲಿ ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಅಲ್ಲಿಯ ವಿದ್ಯಾರ್ಥಿ. ರೆವರೆಂಡ್ ಫರ್ಡಿನಂಡ್ ಕಿಟೆಲರ ಬಾಳು ಮುಗಿದದ್ದೂ ಅಲ್ಲಿಯೇ.

ಕಿಟೆಲರು ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಕಡಲ ಸೀಮೆಯಲ್ಲಿ. ಬಾಸೆಲ್ ಮಿಷನ್ನಿನವರಾಗಿ 1853ರಲ್ಲಿ ನಮ್ಮ ನಾಡಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಾದ ಕಾರಣವಿಲ್ಲ. ಆದರೆ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದ ಕಾಲದಲ್ಲಿ ಕನ್ನಡವೇ ಅವರನ್ನು ಹಿಡಿದುಕೊಂಡಿತು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 1877ರಲ್ಲಿ ಸ್ವದೇಶಕ್ಕೆ ಹೋದವರು, ಕೈಹಿಡಿದ ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಮಂಗಳೂರಿಗೆ ಬಂದರು.

1894ರಲ್ಲಿ ಆ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಶಬ್ದಗಳು! ಹಳ್ಳಿಯ ಮಾತನ್ನು ತರಗತಿಯಲ್ಲಿ ಆಡಲು ನಾಚುವ ನನ್ನಂಥವರು ಆ ಗ್ರಂಥವನ್ನೊಮ್ಮೆ ಬಿಡಿಸಿ ನೋಡಬೇಕು. ಹಳೆಯ ಕವಿಗಳ ಪದಗಳಿರುವ ಪುಟಗಳಲ್ಲಿಯೇ ನಮ್ಮ ಮನೆಯ ಮೇಳಿ, ನೊಗ, ಕುಳ, ಕೂರಿಗೆಗಳೂ ಕುಳಿತಿವೆ. ಯಾವುದಕ್ಕೂ ಕೆಳಗಿನ ಪಂಕ್ತಿಯಿಲ್ಲ. ಅಜ್ಜಿಯರ ಬಾಯಿನ ಗಾದೆಗಳು ಅರ್ಥಕ್ಕೆ ಸಾಕ್ಷಿ ಹೇಳುತ್ತವೆ. ತಮಿಳು, ತೆಲುಗು, ಮಲೆಯಾಳಗಳ ಬಂಧುಶಬ್ದಗಳನ್ನು ಕೊಟ್ಟದ್ದಲ್ಲದೆ, ಸಂಸ್ಕೃತಕ್ಕೂ ದ್ರಾವಿಡ ಭಾಷೆಗಳಿಂದ ಪದಗಳು ಹೋಗಿವೆಯೆಂದು ಕಿಟೆಲರು ಮುನ್ನುಡಿಯಲ್ಲಿ ವಾದಿಸಿದರು. ಕನ್ನಡವು ಕೊಡುವ ಭಾಷೆಯೂ ಹೌದೆಂದು ಆ ಕಾಲದಲ್ಲಿ ಹೇಳುವುದು ಸಣ್ಣ ಧೈರ್ಯವಲ್ಲ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರ್ ಪದವಿಯಿತ್ತು ಗೌರವಿಸಿತು. ಮಲೆಯಾಳ ನಿಘಂಟುಕಾರ ಗುಂಡರ್ಟರ ಮೊಮ್ಮಗ, ಮುಂದೆ ನೊಬೆಲ್ ಬಹುಮಾನ ಪಡೆದ ಹರ್ಮನ್ ಹೆಸ್ಸೆ, ಆ ವರ್ಷ ಅದೇ ಊರಿನ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದನು.

ಕಿಟೆಲರು ಮುಪ್ಪಿನಲ್ಲಿಯೂ ಲೇಖನಿಯನ್ನು ಕೆಳಗಿಡಲಿಲ್ಲ. ಅವರ ಕನ್ನಡ ವ್ಯಾಕರಣ 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.