ಇಗರ್ಜಿಯ ಮಾಡಿನ ಮೇಲೆ ನಕ್ಷತ್ರಗಳನ್ನು ಓದಿದ ಗುರು: ಫಾ. ಆಂಜೆಲೋ ಸೆಕ್ಕಿ

ಯುವಜನರ ಶಿಬಿರಗಳಲ್ಲಿ, ಧರ್ಮೋಪದೇಶದ ತರಗತಿಗಳಲ್ಲಿ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ. ಧರ್ಮಸಭೆ ವಿಜ್ಞಾನದ ವಿರೋಧಿಯಲ್ಲವೇ, ಗೆಲಿಲಿಯೋಗೆ ಮಾಡಿದ್ದೇನು ಎಂಬುದು ಆ ಪ್ರಶ್ನೆ. ಗೆಲಿಲಿಯೋ ವಿಷಯದಲ್ಲಿ ತಪ್ಪಾಗಿದೆ ಎಂದು 1992ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರೇ ಒಪ್ಪಿಕೊಂಡಿದ್ದಾರೆ. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. ಇಂದು ಖಗೋಳ ವಿಜ್ಞಾನಿಗಳು ದೂರದ ನಕ್ಷತ್ರಗಳ ಸುತ್ತ ಗ್ರಹಗಳನ್ನು ಹುಡುಕುವಾಗ ಬಳಸುವ ವಿದ್ಯೆಯ ಅಡಿಪಾಯ ಹಾಕಿದವರಲ್ಲಿ ಒಬ್ಬರು ಯೇಸುಸಭೆಯ ಗುರು, ಫಾ. ಆಂಜೆಲೋ ಸೆಕ್ಕಿ.

1818ರ ಜೂನ್ ತಿಂಗಳಲ್ಲಿ ಇಟಲಿಯ ರೆಜ್ಜೊ ಎಮಿಲಿಯಾ ಪಟ್ಟಣದಲ್ಲಿ ಅವರ ಜನನ. ತಂದೆ ಮರಗೆಲಸದವರು. ತಾಯಿ ಮಗನಿಗೆ ಹೊಲಿಗೆ, ಹೆಣಿಗೆಯನ್ನೂ ಕಲಿಸಿದರಂತೆ. ಮುಂದೆ ಸೂಕ್ಷ್ಮ ಉಪಕರಣಗಳನ್ನು ತಾವೇ ಜೋಡಿಸಿದ ಈ ಕೈಗಳಿಗೆ ಮೊದಲ ಪಾಠ ಅಲ್ಲೇ ಸಿಕ್ಕಿತೇನೋ ಎಂದು ನಮಗನಿಸುತ್ತದೆ. 15ರ ವಯಸ್ಸಿನಲ್ಲಿ, 1833ರಲ್ಲಿ, ರೋಮಿನಲ್ಲಿ ಯೇಸುಸಭೆಗೆ ಸೇರಿದರು. ಗಣಿತ ಮತ್ತು ಭೌತಶಾಸ್ತ್ರದಲ್ಲಿ ಚುರುಕಾಗಿದ್ದ ಅವರು ಲೊರೆತೊದಲ್ಲಿ ಪಾಠ ಹೇಳಿ, ದೈವಶಾಸ್ತ್ರ ಓದಿ, 1847ರಲ್ಲಿ ಗುರುದೀಕ್ಷೆ ಪಡೆದರು.

ಮರುವರ್ಷವೇ ರೋಮಿನಲ್ಲಿ ಕ್ರಾಂತಿ. ಜೆಜ್ವಿತರೆಲ್ಲ ನಗರ ಬಿಡಬೇಕಾಯಿತು. ಯುವ ಗುರು ಮೊದಲು ಇಂಗ್ಲೆಂಡಿನ ಸ್ಟೋನಿಹರ್ಸ್ಟ್‌ಗೆ, ಅಲ್ಲಿಂದ ಅಮೆರಿಕದ ಜಾರ್ಜ್‌ಟೌನ್‌ಗೆ ಹೋದರು. ರೋಮಿನ ಕೊಲ್ಲೇಜಿಯೊ ರೊಮಾನೊದ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಫಾ. ಫ್ರಾಂಚೆಸ್ಕೊ ದೆ ವಿಕೊ ಅವರೂ ದೇಶಭ್ರಷ್ಟರಾಗಿದ್ದು, ಅದೇ ವರ್ಷ ಲಂಡನ್ನಿನಲ್ಲಿ ತೀರಿಕೊಂಡರು. 1849ರ ಕೊನೆಗೆ ಜೆಜ್ವಿತರಿಗೆ ಮರಳಿ ದಾರಿ ತೆರೆದಾಗ ಆ ಹೊಣೆ ಫಾ. ಸೆಕ್ಕಿಯವರ ಹೆಗಲೇರಿತು.

ಹಳೆಯ ವೀಕ್ಷಣಾಲಯದ ಗೋಪುರ ದೊಡ್ಡ ದೂರದರ್ಶಕಕ್ಕೆ ತಕ್ಕಷ್ಟು ಗಟ್ಟಿಯಾಗಿರಲಿಲ್ಲ. ಪಕ್ಕದಲ್ಲೇ ಸಂತ ಇಗ್ನಾಸಿಯವರ ಇಗರ್ಜಿ ಇತ್ತು. ಆ ಇಗರ್ಜಿಗೆ ಮಹಾ ಗುಮ್ಮಟವೊಂದನ್ನು ಯೋಜಿಸಿ, ಅದನ್ನು ಹೊರಲು ಭಾರಿ ಕಂಬಗಳನ್ನು ಕಟ್ಟಲಾಗಿತ್ತು. ಗುಮ್ಮಟ ಮಾತ್ರ ಏಳಲೇ ಇಲ್ಲ. ಅದರ ಜಾಗದಲ್ಲಿ ಯೇಸುಸಭೆಯ ಬ್ರದರ್ ಆಂದ್ರೆಯಾ ಪೊತ್ಸೊ ಚಪ್ಪಟೆ ಬಟ್ಟೆಯ ಮೇಲೆ ಗುಮ್ಮಟದ ಚಿತ್ರ ಬರೆದರು. ಕೆಳಗಿನಿಂದ ನೋಡಿದವರಿಗೆ ಅದು ನಿಜವಾದ ಗುಮ್ಮಟದಂತೆಯೇ ಕಾಣುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಬ್ರದರ್ ಆಂತೊನಿಯೊ ಮೊಸ್ಕೇನಿ ಅವರ ಚಿತ್ರಗಳನ್ನು ಕತ್ತೆತ್ತಿ ನೋಡಿದವರಿಗೆ ಈ ಪರಂಪರೆಯ ಪರಿಚಯ ಬೇಕಾಗಿಲ್ಲ. ಫಾ. ಸೆಕ್ಕಿ ಕಂಡದ್ದು ಚಿತ್ರವನ್ನಲ್ಲ, ಕೆಲಸವಿಲ್ಲದೆ ನಿಂತಿದ್ದ ಕಂಬಗಳನ್ನು. ಗುಮ್ಮಟಕ್ಕೆಂದು ಕಟ್ಟಿದ್ದು ದೂರದರ್ಶಕದ ಭಾರ ಹೊರಲಾರದೇ ಎಂದು ಯೋಚಿಸಿ, 1850ರ ದಶಕದ ಮೊದಲ ವರ್ಷಗಳಲ್ಲಿ ಇಗರ್ಜಿಯ ಮಾಡಿನ ಮೇಲೆಯೇ ಹೊಸ ವೀಕ್ಷಣಾಲಯ ಎಬ್ಬಿಸಿದರು. ಜರ್ಮನಿಯ ಮೆರ್ತ್ಸ್ ಸಂಸ್ಥೆ ತಯಾರಿಸಿದ, ಸುಮಾರು 24 ಸೆಂಟಿಮೀಟರ್ ಮಸೂರದ ದೂರದರ್ಶಕ ಅಲ್ಲಿಗೆ ಬಂತು. ಕೆಳಗೆ ಬಲಿಪೂಜೆ, ಮೇಲೆ ನಕ್ಷತ್ರ ವೀಕ್ಷಣೆ!

ಆ ಕಾಲದವರೆಗೆ ಖಗೋಳಶಾಸ್ತ್ರವೆಂದರೆ ನಕ್ಷತ್ರ ಎಲ್ಲಿದೆ, ಹೇಗೆ ಚಲಿಸುತ್ತದೆ ಎಂದು ಅಳೆಯುವುದೇ ಆಗಿತ್ತು. ಅದು ಏನು ಎಂದು ತಿಳಿಯಲು ದಾರಿ ಇರಲಿಲ್ಲ. 1859ರಲ್ಲಿ ಜರ್ಮನಿಯ ಕಿರ್ಕಾಫ್ ಮತ್ತು ಬುನ್ಸೆನ್ ಆ ದಾರಿ ತೋರಿಸಿದರು. ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನಂತೆ ಬಣ್ಣಗಳಾಗಿ ಹರಡುತ್ತದೆ, ಆ ಬಣ್ಣಗಳ ನಡುವೆ ಕಪ್ಪು ಗೆರೆಗಳಿರುತ್ತವೆ, ಒಂದೊಂದು ಮೂಲವಸ್ತುವಿಗೂ ಅದರದ್ದೇ ಗೆರೆಗಳು. ಮನುಷ್ಯನಿಗೆ ಬೆರಳಚ್ಚು ಇದ್ದಂತೆ. ಫಾ. ಸೆಕ್ಕಿ ಪಟ್ಟಕವನ್ನು ದೂರದರ್ಶಕಕ್ಕೆ ಜೋಡಿಸಿ ಆಕಾಶದತ್ತ ತಿರುಗಿಸಿದರು. 1860ರ ದಶಕದಲ್ಲಿ ರಾತ್ರಿಯ ಮೇಲೆ ರಾತ್ರಿ ಕುಳಿತು ಸುಮಾರು 4000 ನಕ್ಷತ್ರಗಳ ಬೆಳಕನ್ನು ಕಣ್ಣಿನಿಂದಲೇ ನೋಡಿ ಪರೀಕ್ಷಿಸಿದರು.

ಸಾವಿರಾರು ನಕ್ಷತ್ರಗಳಿದ್ದರೂ ಬಗೆಗಳು ಕೆಲವೇ ಎಂದು ಅವರಿಗೆ ಹೊಳೆಯಿತು. ಲುಬ್ಧಕ, ಅಭಿಜಿತ್‌ನಂಥ ಬಿಳಿ ನಕ್ಷತ್ರಗಳಲ್ಲಿ ಜಲಜನಕದ ದಪ್ಪ ಗೆರೆಗಳು. ಸ್ವಾತಿ, ಬ್ರಹ್ಮಹೃದಯದಂಥ ಹಳದಿಯವುಗಳಲ್ಲಿ, ನಮ್ಮ ಸೂರ್ಯನಲ್ಲೂ, ಲೋಹಗಳ ನೂರಾರು ನವಿರು ಗೆರೆಗಳು. ಆರ್ದ್ರಾ, ಜ್ಯೇಷ್ಠಾದಂಥ ಕೆಂಪು ನಕ್ಷತ್ರಗಳಲ್ಲಿ ಅಗಲವಾದ ಪಟ್ಟಿಗಳು. 1868ರಲ್ಲಿ ನಾಲ್ಕನೆಯ ಬಗೆಯನ್ನೂ ಸೇರಿಸಿದರು. ಇಂಗಾಲದ ಗುರುತಿರುವ ಕಡುಗೆಂಪಿನವು ಅವು. ಸೂರ್ಯನೂ ಒಂದು ನಕ್ಷತ್ರವೇ ಎಂಬ ಊಹೆಗೆ ಹೀಗೆ ಕಣ್ಣಿಗೆ ಕಾಣುವ ಸಾಕ್ಷಿ ಬಲ ಕೊಟ್ಟಿತು. ಮುಂದೆ ಅಮೆರಿಕದ ಹಾರ್ವರ್ಡ್‌ನಲ್ಲಿ ಫೋಟೋ ಫಲಕಗಳ ನೆರವಿನಿಂದ ಸಿದ್ಧವಾದ ಒ, ಬಿ, ಎ, ಎಫ್, ಜಿ, ಕೆ, ಎಂ ಎಂಬ ವಿಂಗಡಣೆ ಇವರದ್ದರ ಜಾಗಕ್ಕೆ ಬಂತು. ಆದರೆ ಮೊದಲು ಉಳುಮೆ ಮಾಡಿದವರು ಇವರು.

ನಮ್ಮ ಕರಾವಳಿಯವರಿಗೆ ಹತ್ತಿರದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. 1865ರ ಏಪ್ರಿಲ್‌ನಲ್ಲಿ, ಅಮಲೋದ್ಭವ ಮಾತೆಯ ಹೆಸರಿನ ಪೋಪರ ಹಡಗಿನಲ್ಲಿ ಸಮುದ್ರಕ್ಕೆ ಹೋದ ಫಾ. ಸೆಕ್ಕಿ, ಬಿಳಿಯ ಬಿಲ್ಲೆಗಳನ್ನು ನೀರಿಗಿಳಿಸಿ ಅವು ಎಷ್ಟು ಆಳದವರೆಗೆ ಕಾಣುತ್ತವೆ ಎಂದು ಅಳೆದರು. ನೀರಿನ ತಿಳಿತನ ಅಳೆಯುವ ಆ ಸರಳ ಸಾಧನಕ್ಕೆ ಜಗತ್ತಿನೆಲ್ಲೆಡೆ ಸೆಕ್ಕಿ ಬಿಲ್ಲೆ ಎಂದೇ ಹೆಸರು. ಮೀನುಗಾರಿಕಾ ವಿಜ್ಞಾನ ಓದಿದ ನಮ್ಮ ಯುವಜನರಿಗೆ ಅದು ಗೊತ್ತಿರುತ್ತದೆ, ಅದರ ಹಿಂದೆ ಒಬ್ಬ ಗುರು ಇದ್ದದ್ದು ಗೊತ್ತಿರಲಿಕ್ಕಿಲ್ಲ.

ಇಷ್ಟೇ ಹೇಳಿ ನಿಲ್ಲಿಸಿದರೆ ಅವರ ಬಾಳು ಸುಗಮವಾಗಿತ್ತೆಂಬ ಭಾವನೆ ಬಂದೀತು. ಹಾಗಿರಲಿಲ್ಲ. ಭೌತಿಕ ಶಕ್ತಿಗಳ ಏಕತೆಯ ಕುರಿತು 1864ರಲ್ಲಿ ಅವರು ಬರೆದ ಪುಸ್ತಕದಲ್ಲಿ ಪರಮಾಣುವಾದದ ಛಾಯೆ ಕಂಡು ಧರ್ಮಸಭೆಯೊಳಗಿನ ಕೆಲವು ತತ್ವಜ್ಞಾನಿಗಳು ಹುಬ್ಬುಗಂಟಿಕ್ಕಿದರು. ಸೆಮಿನರಿಯಲ್ಲಿ ದ್ರವ್ಯ ಮತ್ತು ರೂಪದ ಪಾಠ ಕೇಳಿದ ನಮಗೆ ಆ ವಾದದ ಬಿಸಿ ಸ್ವಲ್ಪ ಅರ್ಥವಾಗುತ್ತದೆ. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ರೋಮನ್ನು ವಶಪಡಿಸಿಕೊಂಡಿತು. ಪೋಪ್ ಒಂಬತ್ತನೇ ಪಯಸ್ ವ್ಯಾಟಿಕನ್ ಬಿಟ್ಟು ಹೊರಬರಲಿಲ್ಲ. ಮೂರೇ ತಿಂಗಳಲ್ಲಿ, ಡಿಸೆಂಬರ್ 22ರ ಸೂರ್ಯಗ್ರಹಣ ನೋಡಲು ಇಟಲಿ ಸರ್ಕಾರ ಸಿಸಿಲಿಗೆ ಕಳುಹಿಸಿದ ತಂಡದಲ್ಲಿ ಫಾ. ಸೆಕ್ಕಿಯೂ ಇದ್ದರು. ಪೋಪರ ರಾಜ್ಯ ಕಸಿದವರ ಜತೆ ಪೋಪರ ಗುರು ಹೋಗಬಹುದೇ? ಅನೇಕರಿಗೆ ಇದು ನೋವು ತಂದಿತು. ಸೂರ್ಯ ಯಾವ ಪಕ್ಷದವನೂ ಅಲ್ಲ ಎಂಬಂತೆ ಅವರು ನಡೆದುಕೊಂಡರು.

ಅತ್ತ ಸರ್ಕಾರವೂ ಅವರನ್ನು ಸೆಳೆಯಲು ನೋಡಿತು. ರೋಮ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪೀಠ ಕಾದಿತ್ತು. ಕೊನೆಗೆ ಅವರು ಅದನ್ನು ಒಲ್ಲೆ ಎಂದರು. ಸಭೆಯನ್ನೂ ಪೋಪರನ್ನೂ ಬಿಡಲಿಲ್ಲ. 1873ರ ಕಾನೂನಿನಂತೆ ರೋಮಿನ ಧಾರ್ಮಿಕ ಮಠಗಳು ಸರ್ಕಾರದ ಪಾಲಾದವು, ಕೊಲ್ಲೇಜಿಯೊ ರೊಮಾನೊದಿಂದ ಜೆಜ್ವಿತರನ್ನು ಹೊರಹಾಕಲಾಯಿತು. ಆದರೆ ಜಗತ್ತಿಗೇ ಪರಿಚಿತರಾದ ಈ ಗುರುವನ್ನು ವೀಕ್ಷಣಾಲಯದಿಂದ ಹೊರಹಾಕುವ ಧೈರ್ಯ ಅಧಿಕಾರಿಗಳಿಗೆ ಬರಲಿಲ್ಲ. ಒಂದು ಕಾಲದಲ್ಲಿ ತಮ್ಮ ಸಹೋದರರಿಂದ ತುಂಬಿದ್ದ ಕಟ್ಟಡದಲ್ಲಿ ಅವರು ಕೆಲಸ ಮುಂದುವರಿಸಿದರು. ಈ ಮಧ್ಯೆಯೇ 1871ರಲ್ಲಿ ಪಿಯೆತ್ರೊ ತಾಕ್ಕಿನಿ ಮತ್ತಿತರರ ಜತೆ ಸೇರಿ ಇಟಲಿಯ ರೋಹಿತದರ್ಶಕ ವಿಜ್ಞಾನಿಗಳ ಸಂಘ ಕಟ್ಟಿದರು. ಎರಡೂ ಕಡೆಯ ಅನುಮಾನದ ನಡುವೆ ನಿಲ್ಲುವುದು ಎಷ್ಟು ಕಷ್ಟ ಎಂಬುದು ಧರ್ಮಕೇಂದ್ರಗಳಲ್ಲಿ ದುಡಿಯುವ ನಿಮಗೂ ತಿಳಿದದ್ದೇ.

ಅಷ್ಟು ದೊಡ್ಡ ವಿಶ್ವವನ್ನು ದೇವರು ಬರಿದಾದ ಮರುಭೂಮಿಯಾಗಿ ಬಿಟ್ಟಿರಲಾರರು, ಬೇರೆ ನಕ್ಷತ್ರಗಳ ಸುತ್ತಲೂ ಜೀವಿಗಳಿರುವ ಲೋಕಗಳಿರಬೇಕು ಎಂಬುದು ಫಾ. ಸೆಕ್ಕಿಯವರ ದೃಢ ನಂಬಿಕೆಯಾಗಿತ್ತು. 1868ರ ಸುಮಾರಿಗೆ ನಕ್ಷತ್ರ ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂದು ಗೆರೆಗಳ ಸರಿತದಿಂದ ಅಳೆಯಲೂ ಪ್ರಯತ್ನಿಸಿದರು. ಅವರ ಉಪಕರಣಕ್ಕೆ ಅದು ನಿಲುಕಲಿಲ್ಲ. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ, 51 ಪೆಗಾಸಿ ಎಂಬ ಸೂರ್ಯನಂಥ ನಕ್ಷತ್ರದ ಗೆರೆಗಳು ನಾಲ್ಕು ದಿನಗಳಿಗೊಮ್ಮೆ ಅತ್ತಿತ್ತ ಸರಿಯುವುದನ್ನು ಕಂಡು, ಅದನ್ನು ಎಳೆದಾಡುವ ಗ್ರಹವನ್ನು ಪತ್ತೆಮಾಡಿದ್ದು ಅದೇ ವಿಧಾನದಿಂದ. ಹೀಗೆ ಮತ್ತು ಬೇರೆ ವಿಧಾನಗಳಿಂದ ಖಚಿತವಾದ ಗ್ರಹಗಳ ಸಂಖ್ಯೆ 2025ರಲ್ಲಿ 6000 ದಾಟಿತು. 2021ರ ಕ್ರಿಸ್ಮಸ್ ದಿನ ಹಾರಿದ ಜೇಮ್ಸ್ ವೆಬ್ ದೂರದರ್ಶಕವು ದೂರದ ಗ್ರಹವೊಂದರ ವಾಯುವಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದನ್ನು, ಮಹಾಸ್ಫೋಟದ ಬಳಿಕ 30 ಕೋಟಿ ವರ್ಷವೂ ತುಂಬದ ಕಾಲದ ಗ್ಯಾಲಕ್ಸಿಗಳನ್ನು ಗುರುತಿಸಿದ್ದೂ ಬೆಳಕನ್ನು ಬಿಡಿಸಿ ಓದಿಯೇ. ಜೀವ ಮಾತ್ರ ಇನ್ನೂ ಎಲ್ಲೂ ಸಿಕ್ಕಿಲ್ಲ.

1878ರ ಜನವರಿ 9ರಂದು ಇಟಲಿಯ ದೊರೆ ಎರಡನೇ ವಿಕ್ಟರ್ ಇಮ್ಯಾನುವೆಲ್, ಫೆಬ್ರವರಿ 7ರಂದು ಪೋಪ್ ಒಂಬತ್ತನೇ ಪಯಸ್ ನಿಧನರಾದರು. ಹೊಟ್ಟೆಯ ಕಾಯಿಲೆಯಿಂದ ಬಳಲುತ್ತಿದ್ದ ಫಾ. ಸೆಕ್ಕಿ ಫೆಬ್ರವರಿ 26ರಂದು ತಮ್ಮ 59ನೇ ವಯಸ್ಸಿನಲ್ಲಿ ಪ್ರಭುವಿನಲ್ಲಿ ವಿಶ್ರಾಂತಿ ಹೊಂದಿದರು. ಅವರು ಕಣ್ಮುಚ್ಚಿದ ಮೇಲೆ, 1879ರಲ್ಲಿ, ವೀಕ್ಷಣಾಲಯ ಸರ್ಕಾರದ ಕೈಸೇರಿತು.

ಅದೇ 1878ರಲ್ಲಿ ಹೊಸ ಪೋಪ್ ಹದಿಮೂರನೇ ಲಿಯೋ ಮಂಗಳೂರು ಮಿಷನ್ನನ್ನು ಇಟಲಿಯ ಜೆಜ್ವಿತರಿಗೆ ಒಪ್ಪಿಸಿದರು. ಡಿಸೆಂಬರ್ 31ರಂದು ಅವರು ನಮ್ಮ ಕರಾವಳಿಗೆ ಬಂದಿಳಿದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1891ರಲ್ಲಿ ವ್ಯಾಟಿಕನ್ ವೀಕ್ಷಣಾಲಯವನ್ನು ಮರಳಿ ಸ್ಥಾಪಿಸಿದವರೂ ಅದೇ ಪೋಪ್ ಲಿಯೋ. 2006ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಹಾರಿಸಿದ ಸ್ಟೀರಿಯೋ ಎಂಬ ಜೋಡಿ ನೌಕೆಗಳಲ್ಲಿ ಸೂರ್ಯನ ಚಿತ್ರ ತೆಗೆಯುವ ಉಪಕರಣಗಳ ಗುಂಪಿಗೆ ಸೆಕ್ಕಿ ಎಂದೇ ಹೆಸರಿಡಲಾಗಿದೆ.