ಖಿನ್ನತೆಗೆ ಮಾತ್ರೆಯೇ ಇಲ್ಲದ ಕಾಲದ ವೈದ್ಯ: ಡಾ. ಎಂ. ವಿ. ಗೋವಿಂದಸ್ವಾಮಿ

ಖಿನ್ನತೆಯ ಮಾತ್ರೆ ಒಮ್ಮೆ ಶುರು ಮಾಡಿದರೆ ಸಾಯುವವರೆಗೂ ಬಿಡಲಾಗದು, ಮಿದುಳು ಹಾಳಾಗುತ್ತದೆ, ಹುಷಾರಾದ ದಿನವೇ ನಿಲ್ಲಿಸಿಬಿಡಿ. ಇಂಥ ಸಂದೇಶಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ. ಇವುಗಳಲ್ಲಿ ಎಷ್ಟು ನಿಜ ಎಂದು ನೋಡುವ ಮುನ್ನ, ಈ ಮಾತ್ರೆಗಳೇ ಇಲ್ಲದ ಕಾಲದಲ್ಲಿ ಮನೋರೋಗಿಗಳಿಗೆ ಚಿಕಿತ್ಸೆ ಕೊಟ್ಟ ನಮ್ಮದೇ ನಾಡಿನ ವೈದ್ಯರೊಬ್ಬರ ಬದುಕನ್ನು ತಿಳಿಯೋಣ.

ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಬಂದವರು ಅಲ್ಲಿನ ಒಂದು ಕಟ್ಟಡದ ಮೇಲೆ ಡಾ. ಎಂ. ವಿ. ಗೋವಿಂದಸ್ವಾಮಿ ಎಂಬ ಹೆಸರನ್ನು ನೋಡಿರಬಹುದು. ಮೈಸೂರು ಸಂಸ್ಥಾನದಲ್ಲಿ ಓದಿ ಬೆಳೆದ ಅವರು ಮನಃಶಾಸ್ತ್ರ, ತತ್ವಶಾಸ್ತ್ರ ಮತ್ತು ವೈದ್ಯಶಾಸ್ತ್ರ ಮೂರನ್ನೂ ಕಲಿತವರು. ಹೆಚ್ಚಿನ ತರಬೇತಿಗೆ ಸಂಸ್ಥಾನವೇ ಅವರನ್ನು ವಿದೇಶಕ್ಕೆ ಕಳಿಸಿತು. ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆ ಕಾಲದ ಹೆಸರಾಂತ ಮನೋವೈದ್ಯರ ಬಳಿ ಕಲಿತು ಬಂದರು.

1930ರ ದಶಕದ ಕೊನೆಯ ಹೊತ್ತಿಗೆ ಅವರು ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತರು. ಜನ ಅದನ್ನು ಹುಚ್ಚಾಸ್ಪತ್ರೆ ಎಂದೇ ಕರೆಯುತ್ತಿದ್ದರು. ಊಟ ಬಿಟ್ಟು, ಮಾತು ಬಿಟ್ಟು, ಸಾಯುವ ಯೋಚನೆಯಲ್ಲೇ ಮುಳುಗಿದವರಿಗೆ ಕೊಡಲು ಆಗ ಒಂದೇ ಒಂದು ಪರಿಣಾಮಕಾರಿ ಮಾತ್ರೆ ಇರಲಿಲ್ಲ. ಇದ್ದದ್ದು ಔಷಧ ಚುಚ್ಚಿ ಫಿಟ್ಸ್ ಬರಿಸುವುದು, ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ವಿದ್ಯುತ್ ಚಿಕಿತ್ಸೆ, ಕೆಲವರಿಗೆ ಮಿದುಳಿನ ಶಸ್ತ್ರಚಿಕಿತ್ಸೆ. ಪಶ್ಚಿಮದಲ್ಲಿ ನಡೆಯುತ್ತಿದ್ದ ಈ ಚಿಕಿತ್ಸೆಗಳನ್ನು ಅವರೂ ಇಲ್ಲಿ ಬಳಸಿದರು. ಅವುಗಳಲ್ಲಿ ಹೆಚ್ಚಿನವು ಮುಂದೆ ಮೂಲೆ ಸೇರಿದವು. ವಿದ್ಯುತ್ ಚಿಕಿತ್ಸೆ ಮಾತ್ರ ಉಳಿದಿದೆ, ಅದನ್ನೂ ಈಗ ಅರಿವಳಿಕೆ ಕೊಟ್ಟೇ ಮಾಡುತ್ತಾರೆ.

ಗೋವಿಂದಸ್ವಾಮಿ ಪಶ್ಚಿಮದ ಪಾಠಕ್ಕಷ್ಟೇ ನಿಲ್ಲಲಿಲ್ಲ. ಭಾರತೀಯ ದರ್ಶನಗಳಲ್ಲಿ, ಆಯುರ್ವೇದದಲ್ಲಿ ಮನಸ್ಸಿನ ಬಗ್ಗೆ ಇರುವ ವಿಚಾರಗಳನ್ನೂ ಸಂಶೋಧನೆಗೆ ಒಳಪಡಿಸಬೇಕು ಎಂಬುದು ಅವರ ನಿಲುವಾಗಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅವರೇ ಅದರ ಮೊದಲ ನಿರ್ದೇಶಕರಾದರು. ಮರುವರ್ಷವೇ ತರಬೇತಿ ಕೋರ್ಸ್‌ಗಳು ಶುರುವಾದವು. ಮನೋವೈದ್ಯಕ್ಕೆ ಬೇರೆ ದೇಶಕ್ಕೇ ಹೋಗಬೇಕೆಂಬ ಸ್ಥಿತಿ ಬದಲಾಗತೊಡಗಿತು.

ಅವರ ವೃತ್ತಿಜೀವನದ ಕೊನೆಯ ವರ್ಷಗಳಲ್ಲಿ, 1957ರಲ್ಲಿ, ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಎಂಬ ವೈದ್ಯ ಇಮಿಪ್ರಮಿನ್ ಎಂಬ ಔಷಧ ಖಿನ್ನತೆಯನ್ನು ಇಳಿಸುತ್ತದೆ ಎಂದು ವರದಿ ಮಾಡಿದರು. ಮಾತ್ರೆಗಳ ಕಾಲ ಬಂತು. ಆದರೆ ವೈದ್ಯರಿದ್ದದ್ದು ದೊಡ್ಡ ಊರಿನಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು 1956ರವರೆಗೆ ಮುಂಬೈ ರಾಜ್ಯದಲ್ಲಿದ್ದವು. ಮೈಸೂರು ರಾಜ್ಯ ಸೇರಿದ ಮೇಲೂ ಅಲ್ಲಿನವರಿಗೆ ಬೆಂಗಳೂರು ದೂರವೇ.

ಗೋವಿಂದಸ್ವಾಮಿ ತೀರಿಕೊಂಡ ಮೇಲೆ, 1974ರಲ್ಲಿ, ಅವರ ಸಂಸ್ಥೆ ಮತ್ತು ಆಸ್ಪತ್ರೆ ಒಂದಾಗಿ ನಿಮ್ಹಾನ್ಸ್ ಆಯಿತು. ಅದೇ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹೊಸ ಪ್ರಯೋಗಕ್ಕೆ ಕೈಹಾಕಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಔಷಧ ಸಿಗುವಂತೆ ಮಾಡಲಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ.

ಒಬ್ಬ ವೈದ್ಯರ ಕೈಯಲ್ಲಿ ಇಲ್ಲದಿದ್ದ ಔಷಧ ಈಗ ನಮ್ಮ ಕೈಯಲ್ಲಿದೆ. ಹಾಗಾದರೆ ಆ ಫಾರ್ವರ್ಡ್‌ಗಳು ಹೇಳುವುದು ನಿಜವೇ?

ಎಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಒಕ್ಸೆಟಿನ್‌ನಂಥ ಮಾತ್ರೆಗಳು ಸಾರಾಯಿಯಂತೆ ಚಟ ಹಿಡಿಸುವುದಿಲ್ಲ. ಆದರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಅದಕ್ಕೇ ವೈದ್ಯರು ಡೋಸ್ ಅನ್ನು ನಿಧಾನವಾಗಿ ಇಳಿಸಿ ನಿಲ್ಲಿಸುತ್ತಾರೆ. ಗುಣ ಕಾಣಲು 2ರಿಂದ 4 ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ ಬೇಕು. ಮೊದಲ ದಿನಗಳ ವಾಕರಿಕೆ, ತಲೆನೋವು ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಹುಷಾರಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಬೇಕು, ಇಲ್ಲವಾದರೆ ಕಾಯಿಲೆ ಮರಳಬಹುದು.

ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ನುಂಗಬೇಡಿ. ಬೇರೆಯವರ ಚೀಟಿಯ ಮಾತ್ರೆ ಬೇಡ, ಜೊತೆಗೆ ಮದ್ಯವೂ ಬೇಡ. ನೋವಿನ ಮಾತ್ರೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ಹಿಂದೆಂದಾದರೂ ವಿಪರೀತ ಉತ್ಸಾಹ, ನಿದ್ದೆಯಿಲ್ಲದ ಓಡಾಟ ಕಂಡಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. 25 ವರ್ಷದೊಳಗಿನವರಲ್ಲಿ ಮೊದಲ ಕೆಲವು ವಾರ ಸಾಯುವ ಯೋಚನೆ ಹೆಚ್ಚಬಹುದು. ಮನೆಯವರು ಗಮನಿಸುತ್ತಿರಬೇಕು, ಹಾಗೇನಾದರೂ ಕಂಡರೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು.

ಅನುಮಾನವಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನಿಲ್ಲಿಸಿ ಎನ್ನುವ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸಬೇಡಿ. ಈ ಸಂಖ್ಯೆಯನ್ನು ಕಳಿಸಿ.