ನೆರೆಯವರ ನೋವಿಗೆ ಬೆನ್ನು ಕೊಟ್ಟ ಸಾವಿತ್ರಿಬಾಯಿ ಫುಲೆ



ಸಾವಿತ್ರಿಬಾಯಿ ಫುಲೆ ಯಾರೆಂದು ಕೇಳಿದರೆ ತುರೋರಿ, ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಮಕ್ಕಳು ಹೆಣ್ಣುಮಕ್ಕಳ ಮೊದಲ ಶಿಕ್ಷಕಿ ಎಂದು ಥಟ್ಟನೆ ಹೇಳುತ್ತಾರೆ. ಆದರೆ ಆ ಮಹಾತಾಯಿ ಪ್ರಾಣ ಬಿಟ್ಟದ್ದು ರೋಗಿಗಳ ಸೇವೆಯಲ್ಲಿ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಅವರು ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರಾ ಜಿಲ್ಲೆಯ ನಾಯಗಾಂವದ ರೈತ ಮನೆತನದಲ್ಲಿ. 1840ರಲ್ಲಿ ಜೋತಿರಾವ ಫುಲೆಯವರೊಡನೆ ವಿವಾಹವಾಯಿತು. ಪತಿಯಿಂದಲೇ ಅಕ್ಷರ ಕಲಿತು, 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ದಾರಿಯಲ್ಲಿ ಜನ ಸಗಣಿ ಎಸೆದರೂ ಹಿಂಜರಿಯಲಿಲ್ಲ. ದಿಕ್ಕಿಲ್ಲದ ವಿಧವೆಯರ ಹೆರಿಗೆಗೆ ದಂಪತಿಗಳು 1863ರಲ್ಲಿ ಆಶ್ರಯ ಕೊಟ್ಟರು. ಅಂಥ ಒಬ್ಬ ತಾಯಿಯ ಮಗ ಯಶವಂತನನ್ನೇ ದತ್ತು ಪಡೆದು ಡಾಕ್ಟರನ್ನಾಗಿ ಮಾಡಿದರು. 1876–77ರ ಭೀಕರ ಬರದಲ್ಲಿ ಹಸಿದವರಿಗೆ ಅನ್ನಛತ್ರ ನಡೆಸಿದರು. ದಾಸೋಹವೆಂದರೆ ಇದಲ್ಲದೆ ಇನ್ನೇನು?

1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಪುಣೆಗೂ ಹಬ್ಬಿತು. ಅದು ಇಲಿಯ ಚಿಗಟದಿಂದ ಹರಡುತ್ತದೆಂಬುದು ಆಗಿನ್ನೂ ಜನಕ್ಕೆ ತಿಳಿದಿರಲಿಲ್ಲ. ಹೆತ್ತವರನ್ನು ಮಕ್ಕಳು ಮುಟ್ಟಲು ಹೆದರುವ ಕಾಲವದು. ಡಾ. ಯಶವಂತರು ಊರ ಹೊರಗೆ, ಹಡಪಸರದ ಹತ್ತಿರ ದವಾಖಾನೆ ತೆರೆದರು. ಆದರೆ ಡಾಕ್ಟರು ದವಾಖಾನೆಯಲ್ಲಿದ್ದರೆ ಸಾಕೇ? ಗುಡಿಸಲಲ್ಲಿ ಬಿದ್ದ ಬಡ ರೋಗಿಯನ್ನು ಅಲ್ಲಿಗೆ ತರುವವರು ಯಾರು? ಆ ಕೆಲಸವನ್ನು 66 ವರ್ಷದ ಸಾವಿತ್ರಿಬಾಯಿಯವರು ವಹಿಸಿಕೊಂಡರು. ಮುಂಢವಾದ ಅಸ್ಪೃಶ್ಯರ ಕೇರಿಯಲ್ಲಿ ಬಾಲಕನೊಬ್ಬನಿಗೆ ಪ್ಲೇಗ್ ತಗುಲಿದ ಸುದ್ದಿ ತಿಳಿದು ಓಡಿಹೋಗಿ, ತಮ್ಮ ಬೆನ್ನ ಮೇಲೆ ಹೊತ್ತು ತಂದರು. ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ಕಣ್ಮುಚ್ಚಿದರು.

ಸದ್ಭಕ್ತರೇ, ದವಾಖಾನೆಗೂ ಬಡವನ ಹೊಸ್ತಿಲಿಗೂ ನಡುವಿನ ಆ ದಾರಿಯನ್ನು ಇಂದು ಸವೆಸುತ್ತಿರುವವರು ಆಶಾ ಸೇವಿಕೆಯರು. 2005ರಿಂದ ಹಳ್ಳಿಗಳಲ್ಲಿ ಸುಮಾರು ಸಾವಿರ ಜನಕ್ಕೆ ಒಬ್ಬರಂತೆ ನೇಮಕವಾದ ಇವರು ಹೊರಗಿನವರಲ್ಲ, ನಮ್ಮೂರ ಸೊಸೆಯರೇ. ಗರ್ಭಿಣಿಯರ ಹೆಸರು ಬರೆಸುವುದು, ಕೂಸುಗಳಿಗೆ ಲಸಿಕೆ ಹಾಕಿಸುವುದು, ಕ್ಷಯ ರೋಗಿಗೆ ಗುಳಿಗೆ ಮುಟ್ಟಿಸುವುದು ಇವರ ಕಾಯಕ. 2020ರ ಕೊರೊನಾ ಕಾಲದಲ್ಲಿ ಮನೆ ಮನೆ ತಿರುಗಿದವರೂ ಇವರೇ. ಆಗ ಅವರನ್ನು ಕಂಡು ಬಾಗಿಲು ಹಾಕಿಕೊಂಡವರಲ್ಲಿ ನಾವೂ ಇದ್ದೆವೆಂದು ಒಪ್ಪಿಕೊಳ್ಳಲೇಬೇಕು.

ಈಗಲೂ ಮಗಳ ಲಗ್ನಕ್ಕೆ ಅಡ್ಡಿಯಾದೀತೆಂದು ಕ್ಷಯವನ್ನು ಮುಚ್ಚಿಡುವ ಮನೆಗಳಿವೆ. ಸರಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ನಡುವೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದೆ ಹೋದೀತು, ಮುಚ್ಚಿಟ್ಟರೆ ಮನೆಮಂದಿಗೆಲ್ಲ ಹರಡೀತು.

ಆದ್ದರಿಂದ ನಮ್ಮ ವಿನಂತಿ ಇಷ್ಟೆ. ಆಶಾತಾಯಿ ಬಾಗಿಲಿಗೆ ಬಂದರೆ ಕೂಡಿಸಿ ನೀರು ಕೊಡಿರಿ, ಇದ್ದದ್ದನ್ನು ಇದ್ದಂತೆ ಹೇಳಿರಿ. ರಾತ್ರಿ ಹೆರಿಗೆ ನೋವೆಂದು ಕರೆದರೆ ಜೀಪು, ಟೆಂಪೊ ಇದ್ದವರು ಬಾಡಿಗೆಯ ಮಾತೆತ್ತದೆ ಹೊರಡಿರಿ. ಶ್ರೀಮಠದ ಜಮಾಖರ್ಚು ಬರೆಯುವ ನಮಗೆ ಎಲ್ಲ ದಾನಗಳ ಲೆಕ್ಕ ಗೊತ್ತು. ಈ ಸೇವೆ ಯಾವ ಖಾತೆಗೂ ಜಮೆಯಾಗುವುದಿಲ್ಲ, ಆದರೂ ಇದು ಅವೆಲ್ಲಕ್ಕಿಂತ ದೊಡ್ಡದು.